ಕೈ ಹೇಳಿದ್ದಕ್ಕೆ ಒಂದು ಚೊಂಬು ಹೆಚ್ಚು

"ಏನೇ ಮುದುಕಿ, ಕೈಯೋ ಕಾಲೋ ಅದು? ಚಾಕು ಹಿಡಿಯಕ್ಕಾಗದ ಮುಂಡೆ, ಇಲ್ಲಿ ಯಾಕೆ ನಿಂತಿದೀಯ? ಮನೆಗೆ ಹೋಗಿ ಸಾಯಿ."

ಅಂದು ಅತ್ತೆಯ ಕೈಯಿಂದ ಚಾಕು ಜಾರಿ ಬಿದ್ದದ್ದು ಅದೆಷ್ಟನೆಯ ಸಲವೋ. ಬಗ್ಗಿ ಎತ್ತಿಕೊಳ್ಳಲು ಹೋದರು. ಬೆರಳುಗಳು ಹಿಡಿಯನ್ನು ಹಿಡಿಯಲಿಲ್ಲ. ಕೊನೆಗೆ ಎರಡು ಅಂಗೈಗಳ ನಡುವೆ ಒತ್ತಿಕೊಂಡು ಎತ್ತಿದರು. ಅಷ್ಟರಲ್ಲಿ ಅವರ ಪಾಲಿನ ಕೋಳಿ ತೊಡೆಗಳು ಮೂಳೆಸಮೇತ ಓಡುವ ಬೆಲ್ಟಿನ ಮೇಲೆ ಮುಂದಕ್ಕೆ ಹೋಗಿಬಿಟ್ಟಿದ್ದವು.

ಬೈದವನು ನಮ್ಮ ಕೋಳಿಮಾಂಸದ ಕಾರ್ಖಾನೆಯ ಸೂಪರ್‌ವೈಸರ್. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತದೆ, ಅದಕ್ಕೆ ನಾವು ಹೆಂಗಸರು ಅವನಿಗೆ ಪೀಪಿ ಅಂತ ಹೆಸರಿಟ್ಟಿದ್ದೆವು. ಪೀಪಿ ಮುಂದಕ್ಕೆ ಹೋದ ತೊಡೆಗಳಲ್ಲಿ ಒಂದನ್ನು ಎತ್ತಿ ಅತ್ತೆಯ ಎದೆಗೆ ಬೀಸಿ ಒಗೆದ.

"ಇದರ ಮೂಳೆ ನಿಮ್ಮಪ್ಪ ಬಂದು ಬಿಡಿಸ್ತಾನಾ?"

ಅದು ಏಪ್ರನ್ನಿಗೆ ಅಂಟಿಕೊಂಡು ಮೆಲ್ಲಗೆ ಕೆಳಗೆ ಜಾರಿತು. ಅತ್ತೆ ಅದನ್ನು ಹಿಡಿದು, ಹಲಗೆಯ ಮೇಲಿಟ್ಟು, ಮೂಳೆ ಬಿಡಿಸತೊಡಗಿದರು. ಪಕ್ಕದಲ್ಲೇ ನಿಂತಿದ್ದ ನಾನು, ಅವನು ಬೆನ್ನು ತಿರುಗಿಸಿದ ಮೇಲೆ ನನ್ನ ಪಾಲಿನ ಜೊತೆಗೆ ಅವರ ಪಾಲಿನದನ್ನೂ ಎಳೆದುಕೊಂಡೆ. ಅದಕ್ಕಿಂತ ಹೆಚ್ಚು ಮಾಡುವ ಧೈರ್ಯ ನಮ್ಮ ಸಾಲಿನಲ್ಲಿ ಯಾರಿಗೂ ಇರಲಿಲ್ಲ.

ಮಾಂಸ ಕೆಡಬಾರದೆಂದು ನಮ್ಮ ಕೋಣೆಯನ್ನು ಸದಾ ತಣ್ಣಗಿಡುತ್ತಾರೆ. ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಕೈಗವಸು ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಒಳಗೆಲ್ಲ ಒದ್ದೆ. ಚಾಕುಗಳಿಗೆ ಅಂಟಿದ ಕೊಬ್ಬು ತೊಳೆಯಲು ಮೇಜಿನ ಕೊನೆಯಲ್ಲಿ ಒಂದು ಬಕೆಟ್ಟು ಬಿಸಿನೀರು ಇಟ್ಟಿರುತ್ತಾರೆ. ಕೈ ಮರಗಟ್ಟಿದಾಗ ಪೀಪಿಯ ಕಣ್ಣು ತಪ್ಪಿಸಿ ಅದರಲ್ಲಿ ಅದ್ದಿಕೊಳ್ಳುತ್ತಿದ್ದೆವು. ಅಷ್ಟು ತಣ್ಣಗಾದ ಕೈಗೆ ಉಗುರು ಬೆಚ್ಚಗಿನ ನೀರೂ ಬೆಂಕಿಯ ಹಾಗೆ ತಾಗುತ್ತದೆ.

ಈ ಕೈಯನ್ನು ನಂಬಿ ಮನೆಯಲ್ಲಿ ನೀರು ಹದ ಮಾಡಿದರೆ ಕೆಟ್ಟಿರಿ. ನನ್ನ ಮಗಳು ಎಳೆಗೂಸಾಗಿದ್ದಾಗ ಅತ್ತೆ ಒಮ್ಮೆ ಕೆಲಸದಿಂದ ಬಂದವರೇ ನೀರಿಗೆ ಕೈ ಅದ್ದಿ, ಅಬ್ಬಾ ಬಿಸಿ ಎಂದು ತಣ್ಣೀರು ಬೆರೆಸಿ ಸ್ನಾನ ಮಾಡಿಸಿದ್ದರು. ಕೂಸು ತುಟಿ ನೀಲಿಯಾಗಿ ನಡುಗಿತ್ತು. ಆಗ ಸಾಲಿನ ಹಿರಿಯ ಹೆಂಗಸರು ನಕ್ಕು ಹೇಳಿಕೊಟ್ಟರು: ನಮ್ಮ ಕೈ ಸುಳ್ಳು ಹೇಳುತ್ತೆ ಕಣ್ರೇ, ಅದು ಹೇಳಿದ್ದಕ್ಕೆ ಒಂದು ಚೊಂಬು ಬಿಸಿನೀರು ಹೆಚ್ಚು ಹಾಕಿ. ಎಲ್ಲರ ಮನೆಯಲ್ಲೂ ಅದೇ ನಡೆಯುತ್ತಿತ್ತು. ನಮ್ಮ ಮನೆಯಲ್ಲೂ ಅದೇ ರೂಢಿಯಾಯಿತು.

ನನ್ನ ಗಂಡ ಲಾರಿಯ ಮೇಲೆ ಊರೂರು ತಿರುಗುವವನು. ಮನೆಯಲ್ಲಿ ಅತ್ತೆ, ನಾನು, ಕೂಸು. ನಾವಿಬ್ಬರೂ ಕೆಲಸಕ್ಕೆ ಹೋದಾಗ ಓಣಿಯ ಕೊನೆಮನೆಯ ಅಜ್ಜಿ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಆದರೆ ಸಂಜೆಯ ಸ್ನಾನ ಮಾತ್ರ ಅತ್ತೆಯದು. ಆ ಕೆಲಸಕ್ಕೆ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. "ಹೊರೋದು ನೀನು ಹೊತ್ತಾಯ್ತು, ತೊಳೆಯೋದು ನನಗೆ ಬಿಡು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ನಿನ್ನ ಸೊಸೆ ಮಕ್ಕಳನ್ನ ನೀನು ತೊಳೆಯುವಂತೆ," ಎನ್ನುತ್ತಿದ್ದರು. ನೆಲಕ್ಕೆ ಕೂತು, ಚಾಚಿದ ಕಾಲ ಮೇಲೆ ಕೂಸನ್ನು ಹಾಕಿಕೊಂಡು, ಟಬ್ಬಿನ ನೀರಲ್ಲಿ ಅದರ ಪಾದ ಅದ್ದಿ ಅದ್ದಿ ತೆಗೆಯುವರು. ಕೂಸು ಕೇಕೆ ಹಾಕುವುದು. ದಿನವಿಡೀ ಬೈಸಿಕೊಂಡ ಮುಖ ಆಗಷ್ಟೇ ಅರಳುತ್ತಿತ್ತು.

ಕಾರ್ಖಾನೆಯ ಆಫೀಸಿನ ಪಕ್ಕದಲ್ಲಿ ಗಾಜಿನ ಗೋಡೆಯ ಒಂದು ಕೋಣೆಯಿದೆ. ಕೈನೋವಿಗೆ ಥೆರಪಿ ಕೊಡುವ ಕೋಣೆ. ಒಳಗೆ ಮೆತ್ತನೆಯ ಕುರ್ಚಿಗಳು, ಕೈಯ ನರಗಳನ್ನು ಬಿಡಿಸಿ ತೋರಿಸುವ ದೊಡ್ಡ ಚಿತ್ರ, ಮೇಣ ಕರಗಿಸಿ ಕೈ ಅದ್ದುವ ಕರೆಂಟಿನ ಪಾತ್ರೆ. ನಮಗೆ ಹರಿತವಾದ ಒಂದು ಚಾಕು ಕೊಡಲು ಅಳುವವರು ಈ ಕೋಣೆಗೆ ದುಡ್ಡು ಸುರಿದಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ವಾರಕ್ಕೊಂದು ದಿನ ಒಬ್ಬ ಹುಡುಗಿ ಬಂದಾಗ ಮಾತ್ರ ಬೀಗ ತೆಗೆಯುತ್ತಿದ್ದರು. ಅವಳು ಬೆರಳು ಮಡಚುವುದು, ಚಾಚುವುದು ಕಲಿಸುತ್ತಿದ್ದಳೆಂದು ನಾವು ಕೈ ಟೀಚರ್ ಎನ್ನುತ್ತಿದ್ದೆವು. ಹೋಗಬೇಕೆಂದರೆ ಊಟದ ಬಿಡುವಿನಲ್ಲಿ, ಊಟ ಬಿಟ್ಟು ಹೋಗಬೇಕು.

ಪೀಪಿ ಎದೆಗೆ ಮಾಂಸ ಒಗೆದ ದಿನವೇ ನಾನು ಅತ್ತೆಯನ್ನು ಅಲ್ಲಿಗೆ ಎಳೆದುಕೊಂಡು ಹೋದೆ.

"ರಾತ್ರಿ ಜೋಮು ಹಿಡಿದು ಎಚ್ಚರ ಆಗುತ್ತಾ ಅಮ್ಮ?" ಕೈ ಟೀಚರ್ ಕೇಳಿದಳು.

"ಆಗುತ್ತಮ್ಮ. ಇರುವೆಗೂಡಿಗೆ ಕೈ ಹಾಕಿದ ಹಾಗೆ. ಕೊಡವಿ ಕೊಡವಿ ಸಾಕಾಗುತ್ತೆ."

"ಯಾವ ಬೆರಳು?"

"ಹೆಬ್ಬೆಟ್ಟು, ಅದರ ಪಕ್ಕದ್ದೆರಡು. ಕಿರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತೆ. ಇವಳು ನನ್ನ ಸೊಸೆ ನೋಡು, ಇವಳು ಹೆಬ್ಬೆಟ್ಟಿನ ಹಾಗೆ."

ಹುಡುಗಿ ನಕ್ಕಳು. ಅತ್ತೆಯ ಮಣಿಕಟ್ಟನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ವಿವರಿಸಿದಳು. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ದಾರಿ ಇರುತ್ತದಂತೆ. ಬೆರಳಿಗೆ ಹೋಗುವ ನರ ಅದರಲ್ಲೇ ಹಾಯಬೇಕಂತೆ. ದಿನವೂ ಒಂದೇ ಸಮನೆ ಕೈ ಬಿಗಿಹಿಡಿದು ತಿರುಚಿದರೆ ಒಳಗೆಲ್ಲ ಊದಿ ನರ ಅಮುಕಿಹೋಗುತ್ತದಂತೆ. ಬೆರಳುಗಳನ್ನು ನೆಟ್ಟಗೆ ಮಾಡಿಸಿದಳು, ಕೊಕ್ಕೆಯ ಹಾಗೆ ಬಗ್ಗಿಸಿದಳು, ಮುಷ್ಟಿ ಕಟ್ಟಿಸಿದಳು. ಆಮೇಲೆ ತೋಳು ಪಕ್ಕಕ್ಕೆ ಚಾಚಿ, ಅಂಗೈ ಹಿಂದಕ್ಕೆ ಬಾಗಿಸಿ, ಕತ್ತನ್ನು ಮೆಲ್ಲಗೆ ಇನ್ನೊಂದು ಕಡೆ ವಾಲಿಸಲು ಹೇಳಿದಳು.

"ಬಸ್ಸು ನಿಲ್ಸೋ ಹಾಗಿದೆಯಲ್ಲೇ," ಎಂದರು ಅತ್ತೆ. "ನಿಲ್ಲುತ್ತಾ?"

"ದಿನಾ ಮಾಡಿದ್ರೆ ನರ ಸಡಿಲ ಆಗುತ್ತೆ ಅಮ್ಮ. ಮಲಗುವಾಗ ಈ ಪಟ್ಟಿ ಕಟ್ಕೊಳ್ಳಿ, ಮಣಿಕಟ್ಟು ಮಡಚಬಾರದು. ಮೊಂಡು ಚಾಕು ಬೇಡ. ಬೆಳಗಿಂದ ಸಂಜೆವರೆಗೂ ಅದೇ ಕೆಲಸ ಮಾಡ್ಬೇಡಿ, ಮಧ್ಯೆ ಬೇರೆ ಏನಾದ್ರೂ ಮಾಡಿ. ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ದಿನ ಕೈಗೆ ರಜ ಕೊಡಿ."

"ಕೈಗೆ ರಜ ಕೊಟ್ರೆ ಹೊಟ್ಟೇಗೂ ರಜ ಕೊಡಬೇಕಲ್ಲ ಮಗಳೇ."

ಪಾಪ, ಅವಳೂ ಸಂಬಳದವಳು. ಅತ್ತೆಗೆ ಕಣ್ಣು ಮುಚ್ಚಲು ಹೇಳಿ ಒಂದು ಸೂಜಿ ತೆಗೆದುಕೊಂಡಳು. ಹೆಬ್ಬೆರಳ ತುದಿಗೆ ತಾಗಿಸಿದಳು, ತೋರುಬೆರಳಿಗೆ, ನಡುಬೆರಳಿಗೆ. ಮತ್ತೆ ಸ್ವಲ್ಪ ಒತ್ತಿ ತಾಗಿಸಿದಳು.

"ಚುಚ್ಚಿದಾಗ ಹೇಳ್ತೀನಿ, ಚುಚ್ಚು," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ.

"ಚುಚ್ಚಿ ಆಯ್ತು ಅಮ್ಮ."

ಹುಡುಗಿಯ ಮುಖ ಸಣ್ಣದಾಯಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಮ್ಮ, ಮನೇಲಿ ನೀವು ಒಂದು ವಿಷಯ ತುಂಬಾ ಹುಷಾರಾಗಿರ್ಬೇಕು. ಒಲೆ ಹತ್ರ, ಆಮೇಲೆ..."

ಕಿವಿ ಹರಿಯುವಂತೆ ಸೀಟಿ ಕೇಳಿಸಿತು. ಪೀಪಿ ಬಾಗಿಲಲ್ಲಿ ನಿಂತಿದ್ದ. "ಮಹಾರಾಣೀರ ಸೇವೆ ಮುಗೀತಾ? ಬೆಲ್ಟ್ ಶುರುವಾಗಿದೆ."

"ಒಂದೆರಡು ಮಾತು ಹೇಳಿ ಕಳಿಸ್ತೀನಿ ಸಾರ್."

"ನಿಮ್ಮ ಮಾತಿಗೆ ಬೆಲ್ಟ್ ನಿಲ್ಸಕ್ಕಾಗುತ್ತೇನ್ರೀ? ಏಳೇ ಮೇಲೆ." ಹುಡುಗಿ ಆಗಷ್ಟೇ ನೀವಿದ ಮಣಿಕಟ್ಟನ್ನೇ ಹಿಡಿದು ಅತ್ತೆಯನ್ನು ಎಬ್ಬಿಸಿದ.

"ಮುಂದಿನ ವಾರ ಮೊದಲು ಅದನ್ನೇ ಹೇಳ್ತೀನಿ ಅಮ್ಮ," ಎಂದು ಹುಡುಗಿ ಹಿಂದಿನಿಂದ ಕೂಗಿದಳು.

ಮುಂದಿನ ವಾರ ಕೋಣೆಗೆ ಬೀಗ. ಹೆಂಗಸರು ಕೈನೋವಿನ ನೆಪ ಹೇಳಿ ಹರಟೆಗೆ ಕೂರುತ್ತಾರೆ, ಸದ್ಯಕ್ಕೆ ಥೆರಪಿ ಬೇಡ ಎಂದು ಕಾರ್ಖಾನೆಯ ಸಾಹೇಬರು ನಿಲ್ಲಿಸಿದರಂತೆ.

ಅತ್ತೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದರು. ಬೆಳಿಗ್ಗೆ ಎದ್ದು ಕೊಕ್ಕೆ, ಮುಷ್ಟಿ, ಬಸ್ಸು ನಿಲ್ಲಿಸುವುದು ಎಲ್ಲ ತಪ್ಪದೆ ಮಾಡುತ್ತಿದ್ದರು. ಕೂಸು ಎದುರಿಗೆ ಕೂತು ತಾನೂ ಕೈ ಚಾಚುತ್ತಿತ್ತು. ಹಗಲೆಲ್ಲ ಅದೇ ಮೊಂಡು ಚಾಕು, ಅದೇ ತೊಡೆ. ಬೆಳಗಿನ ಆಟದಲ್ಲಿ ಬಂದ ಚೂರುಪಾರು ಜೀವ ಸಂಜೆಯೊಳಗೆ ಹೊರಟುಹೋಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ನಾನು ಹೊರಗೆ ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದೆ. ಒಳಗೆ ಅತ್ತೆ ಟಬ್ಬಿಗೆ ನೀರು ಬೆರೆಸುತ್ತಿದ್ದರು. ಕೂಸು ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿತ್ತು. ಅತ್ತೆಯ ಭುಜ ಹಿಡಿದು ಕುಣಿಯುತ್ತಿದ್ದ ಅದರ ಸದ್ದು ನನಗೆ ಕೇಳುತ್ತಿತ್ತು.

"ತಣ್ಣಗೇ ಇದೆಯಲ್ಲೇ," ಎಂದು ಅತ್ತೆ ಒಳಗಿನಿಂದ ಕೂಗಿದರು.

"ಹಾಗಾದ್ರೆ ಇನ್ನೊಂದು ಚೊಂಬು ಹಾಕಿ ಅತ್ತೆ," ಎಂದೆ ನಾನು.

ಹಾಕಿದರು. ಎರಡು ಬೆರಳು ಅದ್ದಿ ನೋಡಿದರಂತೆ. ಬೆರಳು ಏನೂ ಹೇಳಲಿಲ್ಲ. ಏನೂ ಹೇಳದ ನೀರು ತಣ್ಣೀರೆಂದೇ ಅವರ ಲೆಕ್ಕ. ಮತ್ತೊಂದು ಹಾಕಿದರು. ಬರ್ತೀನಿ ಬಂಗಾರಿ, ಬಂದೆ ಬಂಗಾರಿ ಎನ್ನುತ್ತಾ ಕೂಸನ್ನು ಎರಡೂ ಕಂಕುಳಲ್ಲಿ ಹಿಡಿದು ಟಬ್ಬಿನಲ್ಲಿ ನಿಲ್ಲಿಸಿದರು.

ಆ ಕೂಗನ್ನು ನಾನು ಬರೆಯಲಾರೆ. ಕೊಡ ಕೈಬಿಟ್ಟು ಓಡಿದೆ. ಅತ್ತೆ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ಕೋಣೆಯ ನಡುವೆ ಗರಗರ ತಿರುಗುತ್ತಿದ್ದರು. ಏನಾಯಿತೆಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಹಾವೋ ಚೇಳೋ ಕಚ್ಚಿರಬೇಕೆಂದು ನೆಲದಲ್ಲಿ ಹುಡುಕುತ್ತಿದ್ದರು. ನಾನು ಟಬ್ಬಿಗೆ ಕೈ ಹಾಕಿ ಹಾಗೇ ಹಿಂದಕ್ಕೆ ಎಳೆದುಕೊಂಡೆ. ಅತ್ತೆ ನನ್ನ ಕೈ ನೋಡಿದರು, ನೀರು ನೋಡಿದರು. ಆಮೇಲೆ ಕೂಸಿನ ಪಾದ ನೋಡಿದರು.

ಆಸ್ಪತ್ರೆಯಲ್ಲಿ ನರ್ಸು ಗದರಿಸಿದಳು. "ವಯಸ್ಸಾಗಿದೆ, ಬುದ್ಧಿ ಬೇಡ್ವಾ? ಮಗೂನ ಇಳಿಸೋ ಮುಂಚೆ ನೀರು ಮುಟ್ಟಿ ನೋಡಲ್ವಾ?"

"ನೋಡ್ದೆ ಕಣಮ್ಮ," ಎಂದರು ಅತ್ತೆ. "ಮುಟ್ಟಿ ನೋಡ್ದೆ." ಅವಳು ಆಚೆ ಹೋದ ಮೇಲೂ, ಬ್ಯಾಂಡೇಜು ಕಟ್ಟುವಾಗಲೂ, ಮನೆಗೆ ಬರುವ ದಾರಿಯಲ್ಲೂ ಅದನ್ನೇ ಹೇಳುತ್ತಿದ್ದರು. ಮುಟ್ಟಿ ನೋಡ್ದೆ.

ನಾನು ಅವರೊಡನೆ ಮಾತು ಬಿಟ್ಟೆ. ಆ ಕೈಗಳನ್ನು ಕಡಿದು ಹಾಕಬೇಕು ಅನ್ನಿಸುತ್ತಿತ್ತು. ಬಾಣಂತನದಲ್ಲಿ ನಾನು ಏಳಲಾರದೆ ಬಿದ್ದಿದ್ದಾಗ ನನ್ನನ್ನು ಎತ್ತಿ ಕೂರಿಸಿ ತುತ್ತು ಕೊಟ್ಟಿದ್ದು ಅವೇ ಕೈಗಳು, ಅದು ಗೊತ್ತಿದ್ದೂ ಅನ್ನಿಸುತ್ತಿತ್ತು. ಇನ್ನೊಂದು ಚೊಂಬು ಹಾಕಿ ಎಂದವಳು ನಾನೇ ಅನ್ನುವುದು ನೆನಪಾದಾಗ ಸಿಟ್ಟು ಇನ್ನೂ ಹೆಚ್ಚುತ್ತಿತ್ತು. ಓಣಿಯವರು ಅತ್ತೆ ಅಂದ್ರೆ ಅತ್ತೇನೇ ಎಂದು ಪಿಸುಗುಟ್ಟಿದರು. ನಾನು ಇಲ್ಲ ಎನ್ನಲಿಲ್ಲ. ಅತ್ತೆ ಕೂಸನ್ನು ಮುಟ್ಟುವುದನ್ನು ನಿಲ್ಲಿಸಿದರು. ಅದು ಕೈ ಚಾಚಿದರೆ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಗಿಲಾಚೆ ಹೋಗಿ ಕೂರುತ್ತಿದ್ದರು. ಕೂಸಿಗೆ ಏನು ಗೊತ್ತು, ತೆವಳಿಕೊಂಡು ಅಲ್ಲಿಗೂ ಹೋಗುತ್ತಿತ್ತು.

ಸಾಲಿನ ಹೆಂಗಸರು ನಾವೆಲ್ಲ ಸೇರಿ ಸಾಹೇಬರ ಮುಂದೆ ಹೋಗಿ ನಿಂತೆವು. ಥೆರಪಿ ಮತ್ತೆ ಶುರು ಮಾಡಿ, ಅತ್ತೆಗೆ ಚಾಕು ಬಿಡಿಸಿ ಬೇರೆ ಕೆಲಸ ಕೊಡಿ ಎಂದು ಕೇಳಿದೆವು. ಅವರು ಫೋನಿನಿಂದ ಕಣ್ಣು ಎತ್ತಲಿಲ್ಲ.

"ಮನೇಲಿ ಆಗಿದ್ದು ಮನೆ ವಿಷಯ. ಬಟ್ಟೆ ಹಿಂಡಿ ಹಿಂಡಿ ಕೈ ಕೆಡಿಸ್ಕೊಂಡು ಬಂದು ನನ್ನ ತಲೆಗೆ ಕಟ್ಟಬೇಡಿ. ನಿಮ್ಮ ಮನೆ ನೀರು ನಾನು ಕಾಯಿಸಿದ್ನಾ?"

ಪೀಪಿ ಬಾಗಿಲ ಹತ್ತಿರ ನಿಂತು ಮೂಗಿನಲ್ಲಿ ನಕ್ಕ. ಅತ್ತೆ ಸಾಹೇಬರ ಮೇಜನ್ನು ನೋಡುತ್ತಿದ್ದರು. ಆ ಮಾತು ಅವರೊಳಗೆ ಎಲ್ಲಿ ಹೋಗಿ ಕೂತಿತೋ ನನಗೆ ಅಂದು ತಿಳಿಯಲಿಲ್ಲ.

ಕೂಸಿನ ಪಾದದಲ್ಲಿ ಹೊಸ ಚರ್ಮ ಬರುವ ಹೊತ್ತಿಗೆ, ನಮ್ಮ ಮಾಲು ಕೊಳ್ಳುವವರು ದೂರದ ಊರಿಂದ ಕಾರ್ಖಾನೆ ನೋಡಲು ಬರುತ್ತಾರೆಂಬ ಸುದ್ದಿ ಬಂತು. ಇದ್ದಕ್ಕಿದ್ದಂತೆ ಎಲ್ಲರಿಗೂ ಒಣಗಿದ ಹೊಸ ಕೈಗವಸು, ಕೂದಲು ಸೀಳುವಷ್ಟು ಹರಿತವಾದ ಚಾಕು. ಗಾಜಿನ ಕೋಣೆಯ ಬೀಗ ತೆಗೆದು ಧೂಳು ಒರೆಸಿದರು. ಕೈ ಟೀಚರನ್ನು ಕರೆಸಿದರು. ಕುರ್ಚಿಯಲ್ಲಿ ಕೂರಲು ಪೀಪಿ ನಮ್ಮಿಬ್ಬರನ್ನೇ ಆರಿಸಿದ. ಅತ್ತೆಯ ನೆರೆತ ತಲೆ ನೋಡಲು ಚೆನ್ನಾಗಿರುತ್ತದಂತೆ.

"ನಗ್ತಾ ಕೂತ್ಕೋಬೇಕು. ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ," ಎಂದು ಹೇಳಿ ಹೋದ.

ಅವರು ಬರುವ ಮೊದಲು ಹುಡುಗಿ ಅತ್ತೆಯ ಕೈ ಹಿಡಿದು ಹೇಗಿದೆ ಅಮ್ಮ ಎಂದು ಕೇಳಿದಳು. ಅತ್ತೆ ಹೇಳಿದರು. ಅಳದೆ, ಯಾರದೋ ಮನೆಯ ಕಥೆಯ ಹಾಗೆ ಹೇಳಿದರು. ಹುಡುಗಿಯೇ ಅತ್ತಳು.

"ಅವತ್ತು ಅದನ್ನೇ ಹೇಳಕ್ಕೆ ಹೊರಟಿದ್ದೆ ಅಮ್ಮ. ನೀರಿಗೆ ಬೆರಳು ಹಾಕಬೇಡಿ, ಮೊಣಕೈ ಹಾಕಿ ನೋಡಿ ಅಂತ. ಮೊಣಕೈಗೆ ಬೇರೆ ನರ, ಅದಕ್ಕೆ ಗೊತ್ತಾಗುತ್ತೆ."

"ಮೊಣಕೈ," ಎಂದರು ಅತ್ತೆ. "ಅಷ್ಟೇನಾ?"

"ಅಷ್ಟೇ ಅಮ್ಮ."

ಅತ್ತೆ ಬಹಳ ಹೊತ್ತು ತಮ್ಮ ಮೊಣಕೈಯನ್ನೇ ನೋಡಿದರು. ಸೀಟಿ ಊದುವ ಮೊದಲು ಹೇಳಿ ಮುಗಿಸಬಹುದಾಗಿದ್ದ ಒಂದು ಮಾತು ಅದು. ಅತ್ತೆಯ ಮೇಲೆ ಇಷ್ಟು ದಿನ ಸುರಿದ ಸಿಟ್ಟಿಗೆ ನನಗೆ ನಾಚಿಕೆಯಾಯಿತು.

ಬಂದವರು ನಾಲ್ಕೈದು ಜನ. ನಮ್ಮ ಮಾತು ಅವರಿಗೆ ಬಾರದು. ಸಾಹೇಬರು ಅವರ ಮಾತಿನಲ್ಲಿ ನಗುನಗುತ್ತಾ ಕೈಯ ಚಿತ್ರ ತೋರಿಸಿದರು, ನನ್ನ ಕೈಯಲ್ಲಿ ಕೊಕ್ಕೆ, ಮುಷ್ಟಿ ಮಾಡಿಸಿದರು. ಆಮೇಲೆ ಮೇಣದ ಪಾತ್ರೆಯ ಮುಚ್ಚಳ ತೆಗೆಸಿದರು. ತಿಂಗಳುಗಟ್ಟಲೆ ಗಟ್ಟಿಯಾಗಿದ್ದ ಮೇಣ ಬೇಗ ಕರಗಲಿ ಎಂದು ಪೀಪಿ ಬೆಳಿಗ್ಗೆಯೇ ಶಾಖದ ತಿರುಪನ್ನು ಕೊನೆಯವರೆಗೆ ತಿರುಗಿಸಿ ಬಿಟ್ಟಿದ್ದ. ಹುಡುಗಿ ಬಗ್ಗಿ ನೋಡಿ ಗಾಬರಿಯಾದಳು.

"ಸಾರ್, ಇದು ಜಾಸ್ತಿ ಕಾದಿದೆ. ಆರಬೇಕು."

"ಅವರಿಗೆ ಟೈಮಿಲ್ಲ. ಒಂದು ಸಲ ಅದ್ದಿ ತೆಗೆಸಿ," ಎಂದರು ಸಾಹೇಬರು, ನಗು ಕೆಡಿಸಿಕೊಳ್ಳದೆ. "ಹಾಕು ಅಜ್ಜಿ, ಏನೂ ಆಗಲ್ಲ."

ಅತ್ತೆ ಎದ್ದು ನಿಂತರು. ಕೈ ಹಾಕಲಿಲ್ಲ. ತೋಳು ಮಡಚಿ, ಎಲ್ಲರೂ ನೋಡುತ್ತಿದ್ದಂತೆ ಪಾತ್ರೆಯ ಮೇಲೆ ಬಗ್ಗಿ, ಮೊಣಕೈಯನ್ನು ಮೇಣಕ್ಕೆ ತಾಗಿಸಿದರು. ತಾಗಿದ್ದೇ ತಡ ಚುರ್ರೆಂದು ಹಿಂದಕ್ಕೆ ಬಂತು. ಮೊಣಕೈಗೆ ಬಿಳಿ ಮೇಣ ಅಂಟಿತ್ತು. ಅದರ ಸುತ್ತ ಚರ್ಮ ಕೆಂಪಗಾಗುತ್ತಿತ್ತು.

"ಸುಡ್ತಾ ಇದೆ," ಎಂದರು. "ಇದು ನಮ್ಮನೆ ನೀರಲ್ಲ ಸಾಹೇಬ್ರೆ. ಇದನ್ನ ನೀವು ಕಾಯಿಸಿದ್ದು. ನೀವು ಕೈ ಹಾಕಿ."

ಪೀಪಿ ಒಂದು ಹೆಜ್ಜೆ ಮುಂದೆ ಬಂದ. ಬಂದವರ ಮುಖ ನೋಡಿ ನಿಂತುಕೊಂಡ.

"ಹಾಕಿ ಸಾಹೇಬ್ರೆ. ಏನೂ ಆಗಲ್ಲ ಅಂದ್ರಲ್ಲ. ನಮ್ಮ ಕೂಸು ಹಾಕ್ತು, ಬರೀ ಕಾಲಲ್ಲಿ. ನಿಮಗೇನು ದಾಡಿ?"

ಸಾಹೇಬರ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಬಂದವರಲ್ಲಿ ಒಬ್ಬಳು ಹೆಂಗಸು ಏನೋ ಕೇಳಿದಳು. ಸಾಹೇಬರು ನಕ್ಕು ಏನೋ ಉತ್ತರ ಕೊಟ್ಟರು. ಆಗ ಕೈ ಟೀಚರ್ ತಲೆ ಎತ್ತಿ ಅವರದೇ ಮಾತಿನಲ್ಲಿ ಹೇಳತೊಡಗಿದಳು. ನನಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅವಳು ತನ್ನ ಕೈಯನ್ನು ನೆಲದಿಂದ ಇಷ್ಟೆತ್ತರ ಹಿಡಿದು ಕೂಸು ಎಷ್ಟಿತ್ತೆಂದು ತೋರಿಸಿದ್ದು ಕಂಡಿತು. ಗಾಜಿನಾಚೆ ನಮ್ಮ ಸಾಲಿನವರು ಚಾಕು ಕೆಳಗಿಟ್ಟು ಬಂದು ನಿಂತಿದ್ದರು. ಪೀಪಿ ಸೀಟಿ ಊದಿದ. ಯಾರೂ ಕದಲಲಿಲ್ಲ. ಖಾಲಿ ಮೇಜಿನ ಮುಂದೆ ಬೆಲ್ಟು ತೊಡೆಗಳನ್ನು ಹೊತ್ತುಕೊಂಡು ಹೋಗುತ್ತಲೇ ಇತ್ತು.

ಬಂದವರು ಕಾರು ಹತ್ತಿ ಹೋದರು. ಸಂಜೆ ಗೇಟಿನಲ್ಲಿ ಅತ್ತೆಗೆ ನಾಳೆಯಿಂದ ಬರಬೇಡ ಎಂದರು. ಹುಡುಗಿಗೂ ಅದನ್ನೇ ಹೇಳಿದರಂತೆ. ಕೋಣೆಗೆ ಮತ್ತೆ ಬೀಗ ಬಿತ್ತು. ನನಗೆ ಏನೂ ಹೇಳಲಿಲ್ಲ, ನನ್ನ ಕೈ ಇನ್ನೂ ಓಡುತ್ತದಲ್ಲ.

ಅತ್ತೆ ಮನೆಗೆ ಬಂದವರೇ ಒಲೆ ಹಚ್ಚಿ ನೀರಿಟ್ಟರು. ಟಬ್ಬಿಗೆ ಬೆರೆಸಿದರು. ಮೇಣ ತಾಗಿದ ಮೊಣಕೈ ಬಿಟ್ಟು ಇನ್ನೊಂದನ್ನು ಅದ್ದಿ, ಕಣ್ಣು ಮುಚ್ಚಿ, ಸೂಜಿ ಚುಚ್ಚಿಸಿಕೊಂಡ ದಿನ ಕೂತ ಹಾಗೆಯೇ ಕೂತರು.

"ಸರಿಯಾಗಿದೆ," ಎಂದರು. "ನಾಳೆಯಿಂದ ನಾನೇ ತಾನೇ ನೋಡ್ಕೋಬೇಕು. ಕೊಡ್ತೀಯಾ?"

ಅತ್ತೆ ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಕೊಡುತ್ತೇನೆ ಎಂದೆ. ಹೇಳಿದೆ, ಆದರೆ ಕೂಸನ್ನು ಸೊಂಟದಿಂದ ಇಳಿಸಲು ಆಗಲಿಲ್ಲ. ತಾಯಿ ಕರುಳು, ತಡೆಯಲಿಲ್ಲ. ಬಗ್ಗಿ, ಎರಡು ಬೆರಳನ್ನು ನೀರಿಗೆ ಅದ್ದಿದೆ. ಅತ್ತೆ ಅದನ್ನು ನೋಡಿದರು. ಅವರ ಮುಖ ಬಾಡಿತು.

ನಾನು ಬೆರಳು ತೆಗೆಯಲಿಲ್ಲ. ಮತ್ತಷ್ಟು ಆಳಕ್ಕೆ ಇಳಿಸಿದೆ. ಕೆಲ ದಿನಗಳಿಂದ ಬೆಳಿಗ್ಗೆ ಏಳುವಾಗ ಕೈ ಕೊಡವುತ್ತಿದ್ದೆ, ಮಗ್ಗುಲು ಒತ್ತಿರಬೇಕು ಎಂದುಕೊಂಡಿದ್ದೆ. ನೀರು ಬಿಸಿಯೋ ತಣ್ಣಗೋ ನನಗೆ ಗೊತ್ತಾಗಲಿಲ್ಲ.

ಬೆರಳು ಹೊರಗೆ ತೆಗೆದು, ತೋಳು ಮಡಚಿ, ಅತ್ತೆಯ ಪಕ್ಕದಲ್ಲೇ ಮೊಣಕೈ ಅದ್ದಿದೆ.

"ನಿನಗೂನಾ?" ಎಂದರು ಅತ್ತೆ.

ಕೂಸು ನನ್ನ ಸೊಂಟದ ಮೇಲೆ ಎರಡೂ ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡು ನೀರನ್ನೇ ನೋಡುತ್ತಿತ್ತು.